ಝರಿಯಾದ ರಿಜೆಕ್ಟ್ ಗುಡ್ಡೆಯ ಬೆಂಕಿ ಆರಿಸಿದ ನನ್ನ ಅನುಭವ

ಮೂರು ಮಳೆಗಾಲ ಕಳೆದವು, ಜಾರ್ಖಂಡ್‌ನ ಝರಿಯಾದಲ್ಲಿ ನಾನು ಬೆಂಕಿ ಆರಿಸಿದ ಕಲ್ಲಿದ್ದಲ ಕಸದ (ರಿಜೆಕ್ಟ್) ಗುಡ್ಡೆಯಿಂದ ಹೊಗೆ ಎದ್ದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. "ಕಸಕ್ಕೆ ರೋಲರ್ ಹೊಡೆಸ್ತಾನೆ, ಹೈವೇ ಮಾಡ್ತಾನಂತೆ" ಎಂದು ಪಕ್ಕದ ಧನ್‌ಬಾದ್‌ನಲ್ಲಿ ನಕ್ಕವರು ಈಗ ಬಂದು ನೋಡಿ ಹೋಗುತ್ತಿದ್ದಾರೆ.

ನಾನು ಸಂಡೂರಿನವ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿ, ಆಮೇಲೆ ಗಣಿ ನೆಲವನ್ನು ಸರಿಪಡಿಸುವ ಆರ್ ಅಂಡ್ ಆರ್ ಪ್ಲಾನ್ ಕಡ್ಡಾಯ ಮಾಡಿತಲ್ಲ, ಆಗ ಡಂಪ್‌ನ (ಗಣಿ ಕಸದ ಗುಡ್ಡೆಯ) ಇಳಿಜಾರು ಕಟ್ಟುವುದು, ನಾರಿನ ಚಾಪೆ ಹಾಸುವುದು ಕೈಗೆ ಹತ್ತಿತು. ಅದೇ ಧೈರ್ಯದಲ್ಲಿ ಎರಡು ಮಷಿನ್ ಹೇರಿಕೊಂಡು ಝರಿಯಾಕ್ಕೆ ಹೋದೆ. ಅದಿರಿನ ಡಂಪ್ ಜಾರುತ್ತದೆ, ಕೊಚ್ಚಿ ಹೋಗುತ್ತದೆ, ಆದರೆ ಉರಿಯುವುದಿಲ್ಲ. ನೆಲದೊಳಗಿನ ಬೆಂಕಿ 1916ರಿಂದ ಆರದ ಊರಿನಲ್ಲಿ ಕಲ್ಲಿದ್ದಲ ಕಸ ಎಂಥದ್ದೆಂದು ನನಗೆ ಗೊತ್ತಿರಲಿಲ್ಲ.

ಗುಡ್ಡೆ ಸುಮಾರು ಆರು ಎಕರೆ, ಎತ್ತರ ನಲವತ್ತು ಅಡಿ ಇದ್ದೀತು. ಕರಿಶೇಲ್ ಕಲ್ಲು, ಕಲ್ಲಿದ್ದಲು ತೊಳೆಯುವ ವಾಷರಿಯ ರಿಜೆಕ್ಟ್, ನಡುವೆ ಒಳ್ಳೆ ಕಲ್ಲಿದ್ದಲ ಚೂರು. ಮೊದಲ ವರ್ಷ ಇಳಿಜಾರು ತಗ್ಗಿಸಿ, ಒಂದಡಿ ಮೇಲ್ಮಣ್ಣು ಹಾಕಿ, ಚಾಪೆ ಹಾಸಿ ಬೀಜ ಚೆಲ್ಲಿದೆ. ದೀಪಾವಳಿ ಹೊತ್ತಿಗೆ ಒಳಗಿನ ಬೆಂಕಿಗೆ ಚಾಪೆ ಅಡಿಯಿಂದಲೇ ಕಪ್ಪಗಾಯಿತು. ಹನ್ನೊಂದು ಲಕ್ಷದಷ್ಟು ಹೋಯಿತು. ಕೆಲಸ ಕೊಟ್ಟವರು ಬಿಲ್ ತಡೆದರು.

ಎರಡನೇ ಸಲ ಟ್ಯಾಂಕರ್ ನೀರು. ಇದನ್ನು ಯಾರೂ ಮಾಡಬೇಡಿ. ಕೆಂಡವಾದ ಇಂಗಾಲಕ್ಕೆ ನೀರು ಬಿದ್ದರೆ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತವೆ. ಒಂದು ಬೆಳಿಗ್ಗೆ ಡಬ್ಬನೆ ಸಿಡಿದು ಬಿಸಿ ರಾಡಿ ಆಪರೇಟರ್‌ನ ತೋಳಿಗೆ ಬಿತ್ತು. ಅವನು ಹದಿನೈದು ದಿನ ಆಸ್ಪತ್ರೆಯಲ್ಲಿದ್ದ. ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಸಾಲದ್ದಕ್ಕೆ ನೀರು ಹುಡಿಯನ್ನೆಲ್ಲ ತೊಳೆದು ಗಾಳಿಗೆ ಇನ್ನಷ್ಟು ದಾರಿ ಮಾಡಿಕೊಟ್ಟಿತು.

ಮೂರನೇ ಸಲ ಬಿಸಿ ಗುಡ್ಡೆಯ ಮೇಲೇ ಎರಡಡಿ ಜೇಡಿಮಣ್ಣು ಹೊದಿಸಿದೆ. ಮೇ ತಿಂಗಳಲ್ಲಿ ಬಿರಿಯಿತು.

ಆಮೇಲೆ ಒಂದು ವಾರ ಗುಡ್ಡೆಯ ಬುಡದಲ್ಲೇ ಕೂತು ನೋಡಿದೆ. ಟಿಪ್ಪರ್‌ನಿಂದ ಮೇಲಿಂದ ಸುರಿದಾಗ ದಪ್ಪ ಕಲ್ಲು ಉರುಳಿ ಬುಡಕ್ಕೆ ಸೇರುತ್ತದೆ, ಹುಡಿ ಮೇಲೆ ನಿಲ್ಲುತ್ತದೆ. ಬುಡದ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆ, ಮೇಲೆ ಹೊಗೆ ಬರುತ್ತದೆ. ನಾವು ಕಟ್ಟಿದ್ದು ಒಲೆ! ಒಲೆಯನ್ನೇ ಕಿತ್ತು ಹಾಕಬೇಕಿತ್ತು.

ಹಾಗಾಗಿ ಪೂರ್ತಿ ಬಿಚ್ಚಿದೆವು. ಬಿಸಿ ಮಾಲನ್ನು ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಹರಡಿ ಆರಲು ಬಿಟ್ಟೆವು. ಥರ್ಮಾಮೀಟರ್ ಗನ್ 60 ಡಿಗ್ರಿಗಿಂತ ಕೆಳಗೆ ತೋರಿಸುವ ತನಕ ಮುಟ್ಟಲಿಲ್ಲ. ನಂತರ ಒಂದೊಂದು ಅಡಿ ಪದರ, ಗೊರಸಿನಂಥ ಮುಳ್ಳಿರುವ ಷೀಪ್‌ಫೂಟ್ ರೋಲರ್ ಏಳೆಂಟು ಸುತ್ತು, ಐದು ಪದರಕ್ಕೊಮ್ಮೆ ಜೇಡಿ. ಬುಡದ ಕಲ್ಲನ್ನು ಒಡೆಸಿ ಹುಡಿಯೊಂದಿಗೆ ಕಲೆಸಿದೆ. ಜೇಡಿಯನ್ನು ಯಾವ ಹದಕ್ಕೆ ತರುತ್ತೇನೆ, ಅದಕ್ಕೆ ಏನು ಸೇರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಮೂರು ವರ್ಷದ ಸಾಲ ಕಲಿಸಿದ್ದು.

ಇನ್ನೊಂದು ಪಾಠ ಕಲಿಸಿದವರು ಸೈಕಲ್ ಮೇಲೆ ಕಲ್ಲಿದ್ದಲು ಹೇರಿ ಮಾರುವ ಜನ. ಮೊದಲೆಲ್ಲ ಅವರು ಹೊದಿಕೆ ತೋಡಿ ಚೂರು ಆರಿಸುತ್ತಿದ್ದರು, ಪ್ರತಿ ತೂತಿನಲ್ಲೂ ಗಾಳಿ. ಕಾವಲಿಟ್ಟೆ, ಜಗಳವಾಯಿತು. ಕೊನೆಗೆ ಅನುಮತಿ ಪಡೆದು, ಹರಡಿ ಆರಿದ ಮಾಲಿನಲ್ಲಿ ಕಲ್ಲಿದ್ದಲು ಆರಿಸಲು ಅವರಿಗೇ ಕೂಲಿ ಕೊಟ್ಟೆ. ಉರಿಯುವ ಸರಕೇ ಕಡಿಮೆಯಾಯಿತು. ಕೂಲಿಗೆ ಹೋದದ್ದು ಡೀಸೆಲ್ ಖರ್ಚಿನ ಹತ್ತನೇ ಒಂದು ಪಾಲೂ ಇರಲಿಲ್ಲ.

ಒಂದು ಮೂಲೆಯಲ್ಲಿ ವಿದ್ಯುತ್ ಸ್ಥಾವರದ ಹಾರುಬೂದಿ ಬೆರೆಸಿ ನೋಡಿದೆ. ಸಂದಿ ಚೆನ್ನಾಗಿ ತುಂಬಿತು, ಆದರೆ ಆಷಾಢದ ಮಳೆಗೆ ಮೇಲೆ ನೀರು ನಿಂತು ಅಂಚು ಕುಸಿಯಿತು. ಚರಂಡಿ ಬೇರೆ ಕಡೆಯಿಂದ ತಿರುಗಿಸಿದ್ದರೆ ನಿಲ್ಲುತ್ತಿತ್ತು ಅಂತ ನನ್ನ ನಂಬಿಕೆ, ಮುಂದಿನ ಗುಡ್ಡೆಯಲ್ಲಿ ನೋಡಬೇಕು. ಗಿಡಗಳಲ್ಲಿ ಸಿಸು, ಹೊಂಗೆ ಹಿಡಿದವು. ಊರಿಂದ ಒಯ್ದ ಬೇವು ಅರ್ಧ ಸತ್ತಿತು. ಸ್ಟೈಲೋ ಮೇವಿನ ಗಿಡ ಮೊದಲ ವರ್ಷವೇ ಹಬ್ಬಿತು.

ಒಟ್ಟು ಖರ್ಚು ಎಪ್ಪತ್ತು ಲಕ್ಷದ ಆಸುಪಾಸು, ಅದರಲ್ಲಿ ಮುಕ್ಕಾಲು ಡೀಸೆಲ್ ಮತ್ತು ಬಾಡಿಗೆ. ಮೊದಲ ಮೂರು ತಪ್ಪು ಮಾಡದಿದ್ದರೆ ನಲವತ್ತರಲ್ಲಿ ಮುಗಿಯುತ್ತಿತ್ತು. ಒಂಬತ್ತು ಕಡೆ ಹೂತಿಟ್ಟ ಕಬ್ಬಿಣದ ಪೈಪಿನಲ್ಲಿ ತಿಂಗಳಿಗೊಮ್ಮೆ ಉಷ್ಣಾಂಶ ನೋಡುತ್ತೇವೆ. ಕಳೆದ ವಾರ ಎಲ್ಲ ಕಡೆ 34ರಿಂದ 38 ಡಿಗ್ರಿ. ಸುಟ್ಟ ತೋಳಿನ ಆಪರೇಟರ್ ಇದ್ದಾನಲ್ಲ, ಆ ಅಳತೆಯನ್ನು ಬರೆದುಕೊಳ್ಳುವವನು ಈಗ ಅವನೇ.