ಪಿಕಪ್ ಗಾಡಿಗೆ ಹೊಸ ಬ್ಯಾಟರಿ: ಕಡಿಮೆ ಖರ್ಚಲ್ಲಿ ಆರಿಸುವುದು ಹೇಗೆ?

ಬೆಳಗಿನ ಜಾವ ಲೋಡ್ ತುಂಬಿದ ಪಿಕಪ್ ಸೆಲ್ಫ್ ಎಳೆಯದೇ ನಿಂತರೆ ಆಗುವ ನಷ್ಟ ಸಣ್ಣದಲ್ಲ. ಕೋಲಾರದ ಎಪಿಎಂಸಿಗೆ ಹೊರಟ ಟೊಮೆಟೊ ಹರಾಜಿನ ಹೊತ್ತಿಗೆ ತಲುಪದಿದ್ದರೆ ಆ ದಿನದ ದುಡಿಮೆಯೇ ಕೆಟ್ಟಿತು. ಆ ಗಡಿಬಿಡಿಯಲ್ಲಿ ಹತ್ತಿರದ ಅಂಗಡಿಗೆ ಓಡಿ, ಕೊಟ್ಟಿದ್ದನ್ನು ಹಾಕಿಸಿಕೊಂಡು ಬರುವವರೇ ಹೆಚ್ಚು. ದುಡ್ಡು ಪೋಲಾಗುವುದು ಅಲ್ಲೇ. ಸೆಲ್ಫ್ ಸ್ವಲ್ಪ ನಿಧಾನವಾಗಿದೆ ಅನ್ನಿಸಿದ ದಿನವೇ ಬಾನೆಟ್ ಎತ್ತಿ ನೋಡಿದರೆ, ನಿಧಾನವಾಗಿ ವಿಚಾರಿಸಿ ಕೊಳ್ಳಲು ಸಮಯ ಸಿಗುತ್ತದೆ.

ಮೊದಲು ತಪ್ಪು ಬ್ಯಾಟರಿಯದ್ದೇನಾ ನೋಡಿ

ಗಾಡಿ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಬ್ಯಾಟರಿ ಮೇಲೇ ಗೂಬೆ ಕೂರಿಸುತ್ತಾರೆ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯಾ? ಬಿಸಿನೀರು ಹುಯ್ದು, ಹಳೇ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಕ್ಲಾಂಪ್ ಬಿಗಿ ಮಾಡಿ. ಕೈಯಲ್ಲಿ ತಿರುಗಿಸಿದರೆ ಅದು ಒಂದಿಷ್ಟೂ ಅಲುಗಾಡಬಾರದು. ಮೈನಸ್‌ನಿಂದ ಚಾಸಿಗೆ ಹೋಗುವ ಅರ್ಥ್ ವೈರ್ ತುಕ್ಕು ಹಿಡಿದಿದ್ದರೂ ಸೆಲ್ಫ್ ಸೋಲುತ್ತದೆ.

ಆಮೇಲೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಗಾಡಿ ಓಡಿಸುವವರ ಹತ್ತಿರ ಅದೊಂದು ಇರಲೇಬೇಕು, ಬೆಲೆಯೂ ಜಾಸ್ತಿ ಇಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಕೀ ಹಾಕುವ ಮುಂಚೆ, ಪ್ಲಸ್ ಮತ್ತು ಮೈನಸ್‌ಗೆ ಹಿಡಿದು ನೋಡಿ. 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಒಳಗೆ ಆರು ಸೆಲ್‌ಗಳಿವೆ, ಒಂದೊಂದಕ್ಕೆ 2 ವೋಲ್ಟ್‌ಗೆ ಸ್ವಲ್ಪ ಮೇಲೆ. ಹಾಗಾಗಿ ರಾತ್ರಿಯೆಲ್ಲ ಚಾರ್ಜ್ ಮಾಡಿಸಿದರೂ ಮೀಟರ್ 10.5ರ ಆಸುಪಾಸಲ್ಲೇ ನಿಂತರೆ ಒಂದು ಸೆಲ್ ಹೋಗಿದೆ ಎಂದರ್ಥ. ಅದಕ್ಕೆ ಮತ್ತೆ ಖರ್ಚು ಮಾಡಬೇಡಿ.

ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ನೀವು ಮೀಟರ್ ನೋಡುತ್ತಿರಿ. ಪೂರ್ತಿ ಚಾರ್ಜ್ ಇದ್ದ ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಕಾಲ ಮುಗಿಯುತ್ತಾ ಬಂದಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ತೋರಿಸಬೇಕು. 13 ಕೂಡ ದಾಟದಿದ್ದರೆ ಡೈನಮೋ ಚಾರ್ಜ್ ಕೊಡುತ್ತಿಲ್ಲ. 15 ದಾಟಿದರೆ ಚಾರ್ಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಒಳಗಿನ ನೀರೆಲ್ಲ ಕುದಿದು ಆರಿಹೋಗುತ್ತದೆ. ಇದನ್ನು ಸರಿಮಾಡಿಸದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

ಹಗಲೆಲ್ಲ ಚೆನ್ನಾಗಿದ್ದು ಬೆಳಿಗ್ಗೆ ಮಾತ್ರ ಡೌನ್ ಆಗಿದ್ದರೆ, ಒಂದು ರಾತ್ರಿ ಮೈನಸ್ ವೈರ್ ಬಿಚ್ಚಿಟ್ಟು ನೋಡಿ. ಬೆಳಿಗ್ಗೆ ಗಾಡಿ ಥಟ್ಟನೆ ಸ್ಟಾರ್ಟ್ ಆಯಿತಾ? ಹಾಗಾದರೆ ಕರೆಂಟ್ ಎಲ್ಲೋ ಸೋರುತ್ತಿದೆ. ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಜಿಪಿಎಸ್, ಎಲ್‌ಇಡಿ ಪಟ್ಟಿಗಳ ವೈರಿಂಗನ್ನು ಮೊದಲು ಹುಡುಕಿಸಿ.

ಹಳೇ ಬ್ಯಾಟರಿಯ ಸ್ಟಿಕ್ಕರ್ ಓದಿ

ಬ್ಯಾಟರಿಯೇ ಹೋಗಿದೆ ಅಂತ ಖಚಿತವಾದ ಮೇಲೆ, ಅಂಗಡಿಗೆ ಹೋಗುವ ಮುಂಚೆ ಅದರ ಮೇಲಿನ ಸ್ಟಿಕ್ಕರ್ ಫೋಟೊ ತೆಗೆದುಕೊಳ್ಳಿ. ಗಾಡಿಯ ಮ್ಯಾನ್ಯುವಲ್‌ನಲ್ಲಿರುವ ಅಳತೆಗೂ ಹೋಲಿಸಿ, ಏಕೆಂದರೆ ಹಿಂದಿನ ಮಾಲೀಕರು ಚಿಕ್ಕದನ್ನು ಕೂರಿಸಿರಬಹುದು.

ಅಳತೆಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಹೆಚ್ಚುಕಡಿಮೆ ಹತ್ತು ಪಟ್ಟು ಒತ್ತಿದರೆ ಡೀಸೆಲ್ ಎಂಜಿನ್ 16 ಪಟ್ಟಿಗೂ ಮೇಲೆ ಒತ್ತುತ್ತದೆ. ಬೊಲೆರೊ ಪಿಕಪ್‌ನ 2,523 ಸಿಸಿ ಎಂಜಿನ್ನನ್ನು ತಣ್ಣಗಿದ್ದಾಗ ತಿರುಗಿಸಲು ಸೆಲ್ಫ್ ಮೋಟರಿಗೆ ನೂರಾರು ಆಂಪ್ಸ್ ಒಂದೇ ಸಲ ಬೇಕು. ಎಂಜಿನ್ ಒಳಗನ್ನು ಮೊದಲೇ ಬಿಸಿ ಮಾಡುವ ಹೀಟರ್ ಪ್ಲಗ್ ಇರುವ ಗಾಡಿಯಲ್ಲಿ ಅದಕ್ಕೂ ಕರೆಂಟ್ ಕೊಡಬೇಕು. ಒಂದೇ ಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಂಕಿ) ಇರುವ ಎರಡು ಬ್ಯಾಟರಿಗಳಲ್ಲಿ ಸಿಸಿಎ ಅಂಕಿ ಜಾಸ್ತಿ ಇರುವುದು ಡೀಸೆಲ್ ಗಾಡಿಗೆ ಒಳ್ಳೆಯದು. ಸೆಲ್ಫ್ ಹೊಡೆದ ಆ ಕೆಲವೇ ಸೆಕೆಂಡುಗಳಲ್ಲಿ ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವುದನ್ನು ಹೇಳುವ ಅಂಕಿ ಅದು.

95ಡಿ31ಆರ್ ತರಹದ ಬರಹ ಕಂಡರೆ ಗಾಬರಿ ಬೇಡ. 95 ಅದರ ತಾಕತ್ತಿನ ದರ್ಜೆ, ಡಿ ಅಗಲ-ಎತ್ತರದ ಗುರುತು, 31 ಉದ್ದ, ಸೆಂಟಿಮೀಟರ್‌ನಲ್ಲಿ. ಕೊನೆಯ ಆರ್ ಅಥವಾ ಎಲ್ ಟರ್ಮಿನಲ್ ಯಾವ ಕಡೆಗಿದೆ ಅನ್ನುವುದಕ್ಕೆ. ಈ ಕೊನೇ ಅಕ್ಷರ ಹಳೆಯದರ ಜೊತೆ ಹೊಂದಲೇಬೇಕು. ಇಲ್ಲದಿದ್ದರೆ ವೈರ್ ಎಟಕುವುದಿಲ್ಲ. ಎಳೆದು ಉಲ್ಟಾ ಕೂರಿಸಿದರಂತೂ ಡೈನಮೋದ ಡಯೋಡ್ ಸುಟ್ಟೇ ಹೋಗುತ್ತದೆ. ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ಆಫ್ ಆಗುವ ವ್ಯವಸ್ಥೆ ನಿಮ್ಮ ಗಾಡಿಯಲ್ಲಿದ್ದರೆ ಇಎಫ್‌ಬಿ (ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಬ್ಯಾಟರಿ) ಅಂತಲೇ ಕೇಳಿ. ಮಾಮೂಲಿ ಬ್ಯಾಟರಿ ಅಲ್ಲಿ ಬಹಳ ದಿನ ಬಾಳುವುದಿಲ್ಲ.

ರೇಟ್ ನೋಡುವ ಬಗೆ

ಬೋರ್ಡಿನ ಮೇಲಿನ ಬೆಲೆ ನೋಡಿ ಅಗ್ಗ-ತುಟ್ಟಿ ಹೇಳಬೇಡಿ, ತಿಂಗಳಿಗೆ ಎಷ್ಟು ಬೀಳುತ್ತದೆ ನೋಡಿ. ಲೆಕ್ಕಕ್ಕೆ ಹೇಳುವುದಾದರೆ 5,400 ರೂಪಾಯಿಯ ಬ್ಯಾಟರಿಗೆ 18 ತಿಂಗಳ ಗ್ಯಾರಂಟಿ ಅಂದರೆ ತಿಂಗಳಿಗೆ 300. ಅದೇ 7,200ಕ್ಕೆ 36 ತಿಂಗಳು ಕೊಟ್ಟರೆ 200. ಕಾರ್ಡ್ ಮೇಲೆ 18+18 ಅಂತ ಬರೆದಿದ್ದರೆ ಮೊದಲನೇ ಅಂಕಿಯನ್ನು ಮಾತ್ರ ನಂಬಿ. ಆ ಅವಧಿಯಲ್ಲಿ ಕೆಟ್ಟರೆ ಬದಲಿಗೆ ಹೊಸದು ಸಿಗುತ್ತದೆ. ಎರಡನೆಯದರಲ್ಲಿ ಸಿಗುವುದು ಬರೀ ರಿಯಾಯಿತಿ. ಅದನ್ನೂ ಸಾಮಾನ್ಯವಾಗಿ ಎಂಆರ್‌ಪಿ ಮೇಲೆ ಲೆಕ್ಕ ಹಾಕುತ್ತಾರೆ. ಅಂಗಡಿಯವರು ಮೊದಲೇ ಎಂಆರ್‌ಪಿಗಿಂತ ಕಡಿಮೆಗೆ ಮಾರುವುದರಿಂದ ಕೈಗೆ ಸಿಗುವ ಲಾಭ ಅಷ್ಟಕ್ಕಷ್ಟೆ.

ಇನ್ನೊಂದು ಮಾತು ಬಹಳ ಮುಖ್ಯ. ಒಂದೇ ಬ್ಯಾಟರಿಗೆ ಸ್ವಂತ ಕಾರಿನಲ್ಲಾದರೆ ಒಂದು ಗ್ಯಾರಂಟಿ, ಹಳದಿ ಬೋರ್ಡ್ ಗಾಡಿಯಲ್ಲಾದರೆ ಅದಕ್ಕಿಂತ ಕಡಿಮೆ ಇರುವುದುಂಟು. 'ನಿಮ್ಮ ಗಾಡಿಗೆ ಎಷ್ಟು ತಿಂಗಳು' ಅಂತ ನೇರವಾಗಿ ಕೇಳಿ, ಬಿಲ್ಲಿನಲ್ಲಿ ನಿಮ್ಮದೇ ಗಾಡಿ ನಂಬರ್ ಬರೆಸಿ.

ದುಡ್ಡು ಉಳಿಸುವ ನಿಜವಾದ ದಾರಿಗಳಿವೆ. ದೊಡ್ಡ ಕಂಪನಿಗಳು ಎರಡನೇ ಹೆಸರಿನಲ್ಲೂ ಮಾರುತ್ತವೆ. ಎಸ್‌ಎಫ್ ಸೋನಿಕ್ ಎಕ್ಸೈಡ್‌ನದ್ದೇ, ಪವರ್‌ಝೋನ್ ಅಮರಾನ್ ತಯಾರಿಸುವ ಅಮರರಾಜದ್ದೇ. ಅಳತೆ, ಸಿಸಿಎ, ಗ್ಯಾರಂಟಿ ಹೊಂದಿದರೆ ಇವುಗಳ ರೇಟನ್ನೂ ಕೇಳಿ. ಹಳೇ ಬ್ಯಾಟರಿ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತಾರೆ ಅಂತ ಎರಡು-ಮೂರು ಅಂಗಡಿಯಲ್ಲಿ ವಿಚಾರಿಸಿ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ ಇರುವುದರಿಂದ ಒಳ್ಳೇ ಬೆಲೆ ಇದೆ. 2025ರ ಸೆಪ್ಟೆಂಬರ್ 22ರಿಂದ ಇವುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಾಗಾಗಿ ಬಿಲ್ ಇಲ್ಲದೆ ಕೊಂಡು ಉಳಿಸುವ ಯೋಚನೆ ಬೇಡ. ಬಿಲ್ ಇಲ್ಲದಿದ್ದರೆ ಗ್ಯಾರಂಟಿಯೂ ಇಲ್ಲ.

ತಯಾರಾದ ತಿಂಗಳು ಯಾವುದು ಅಂತ ಕೇಳಿ. ಸುಮ್ನೆ ಕೂತಿದ್ದರೂ ಬ್ಯಾಟರಿ ಚಾರ್ಜ್ ಕಳೆದುಕೊಳ್ಳುತ್ತದೆ. ಮೂರು ತಿಂಗಳ ಒಳಗಿನದ್ದು ಉತ್ತಮ, ಆರು ತಿಂಗಳು ದಾಟಿದ್ದನ್ನು ರಿಯಾಯಿತಿ ಕೊಟ್ಟರೂ ತರಬೇಡಿ.

ಗುಜರಿಯಿಂದ ಬಂದ ಬ್ಯಾಟರಿಯನ್ನು ಬಿಚ್ಚಿ, ತೊಳೆದು, ಹೊಸ ಆಸಿಡ್ ತುಂಬಿ ಅರ್ಧ ಬೆಲೆಗೆ ಮಾರುವವರಿದ್ದಾರೆ. ಬಾಡಿಗೆ ಓಡಿಸುವ ಡೀಸೆಲ್ ಗಾಡಿಗೆ ಅದು ಬೇಡವೇ ಬೇಡ. ಒಳಗಿನ ಪ್ಲೇಟ್ ಸವೆದಿದ್ದರೆ ಹೊಸ ಆಸಿಡ್‌ನಿಂದ ಏನೂ ಆಗುವುದಿಲ್ಲ.

ನೀರು ಹಾಕುವ ಬ್ಯಾಟರಿಯೋ, ಸೀಲ್ ಆಗಿರುವುದೋ? ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುವ ಅಭ್ಯಾಸ ಇದ್ದರೆ ಮೊದಲನೆಯದನ್ನೇ ಕೊಳ್ಳಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕಿ ಕಾಪಾಡಿಕೊಳ್ಳಬಹುದು. ಆ ಪುರುಸೊತ್ತು ಇಲ್ಲದವರು ಸೀಲ್ ಆಗಿರುವುದನ್ನು ತರಲಿ.

ಕೂರಿಸುವಾಗ

ಅಂಗಡಿಯಲ್ಲೇ ಮೀಟರ್ ಹಿಡಿಸಿ ನೋಡಿ, 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿ ಕೊಡಲು ಹೇಳಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಹತ್ತಿರ ಬೀಡಿ ಹಚ್ಚಬೇಡಿ, ಒಳಗಿಂದ ಬರುವ ಹೈಡ್ರೋಜನ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಟ್ರೇನಲ್ಲಿ ಹಿಡಿತದ ಪಟ್ಟಿ ಬಿಗಿಯಾಗಿರಲಿ, ಹಳ್ಳಿ ರಸ್ತೆಯ ಕುಲುಕಾಟಕ್ಕೆ ಪ್ಲೇಟ್‌ಗಳು ಉದುರುತ್ತವೆ. ಟರ್ಮಿನಲ್‌ಗೆ ವ್ಯಾಸಲೀನ್ ಸವರಿ. ಎಂಜಿನ್ ಸ್ಟಾರ್ಟ್ ಮಾಡಿ 13.8ರಿಂದ 14.5 ಬರುತ್ತಿದೆಯಾ ಅಂತ ಮತ್ತೊಮ್ಮೆ ನೋಡಿ, ಬಿಲ್ಲು, ಗ್ಯಾರಂಟಿ ಕಾರ್ಡು, ಬ್ಯಾಟರಿಯ ಸೀರಿಯಲ್ ನಂಬರ್ ಮೂರರ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.