ಯಾರ ಮೈದಾನಕ್ಕೆ ಹೆಚ್ಚು ಜನ? ಫುಟ್‌ಬಾಲ್ ಎದುರಾಳಿಗಳ ಪ್ರೇಕ್ಷಕರ ಲೆಕ್ಕ ಹಾಕುವ ಕ್ರಮ

ದಾವಣಗೆರೆಯಲ್ಲಿ ಕ್ರಿಕೆಟ್ ನೋಡುವವರ ಮುಂದೆ ಫುಟ್‌ಬಾಲ್ ನೋಡುವವರು ಕಡಿಮೆಯೇ, ಆದರೆ ಜಗಳವಾಡಲು ಅಷ್ಟು ಮಂದಿ ಸಾಕು. ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿಯ ಮುಂದೆ ನಿಂತ ನಾಲ್ವರಲ್ಲಿ ಒಬ್ಬ ಬೆಂಗಳೂರು ಎಫ್‌ಸಿಯ ಅಭಿಮಾನಿಯಾಗಿದ್ದು, ಇನ್ನೊಬ್ಬ ಇಲ್ಲಿಯ ಕಾಲೇಜಿಗೆ ಓದಲು ಬಂದ ಕೇರಳದ ಹುಡುಗನಾಗಿದ್ದರೆ, "ನಿಮ್ಮ ಮೈದಾನಕ್ಕೆ ಜನವೇ ಬರಲ್ಲವಲ್ಲ ಅಣ್ಣ" ಎಂಬ ಮಾತು ಬಂದೇ ಬರುತ್ತದೆ. ಆಗ ಇಬ್ಬರೂ ಮೊಬೈಲ್ ತೆಗೆದು ಒಂದೊಂದು ಅಂಕಿ ತೋರಿಸುತ್ತಾರೆ. ಎರಡೂ ನಿಜವೇ ಆಗಿರಬಹುದು, ಆದರೂ ಜಗಳ ತೀರುವುದಿಲ್ಲ. ಬಂದ ಜನ, ಇದ್ದ ಜಾಗ, ಟಿಕೆಟ್ಟಿನ ದರ ಎಂಬ ಮೂರು ಅಂಕಿಗಳಲ್ಲಿ ಯಾವುದೊಂದನ್ನು ಬಿಟ್ಟರೂ ಉಳಿದೆರಡು ಸುಳ್ಳು ಹೇಳತೊಡಗುತ್ತವೆ. ಈ ಮೂರನ್ನು ಒಟ್ಟಿಗೆ ಇಟ್ಟು ಓದುವುದು ಹೇಗೆ ಎಂಬುದನ್ನು ಮೊದಲು ದೊಡ್ಡ ಕ್ಲಬ್‌ಗಳ ಮೇಲೆ ತೋರಿಸಿ, ಬಳಿಕ ನಮ್ಮೂರ ಎರಡು ಬಡಾವಣೆಗಳ ನಡುವಿನ ಫೈನಲ್‌ಗೆ ಅದೇ ಕ್ರಮವನ್ನು ಅನ್ವಯಿಸುತ್ತೇನೆ.

ಎಣಿಸಿದವರು ಯಾರು?

ಪ್ರೇಕ್ಷಕರ ಸಂಖ್ಯೆ ಎಂದು ಎಲ್ಲಿಯಾದರೂ ಕಂಡರೆ, ಅದು ಮಾರಿದ ಟಿಕೆಟ್ಟಿನ ಲೆಕ್ಕವೋ, ಗೇಟು ದಾಟಿದ ತಲೆಗಳ ಲೆಕ್ಕವೋ, ಅಥವಾ ಮೈಕಿನವರ ಅಂದಾಜೋ ಎಂದು ಮೊದಲು ವಿಚಾರಿಸಿ. ಲಂಡನ್ನಿನ ಆರ್ಸೆನಲ್ ಕ್ಲಬ್ ಹಲವು ವರ್ಷಗಳ ಕಾಲ ಪ್ರಕಟಿಸಿದ್ದು ಮಾರಿದ ಟಿಕೆಟ್‌ಗಳ ಸಂಖ್ಯೆಯನ್ನು. ಇಡೀ ಋತುವಿನ ಟಿಕೆಟ್ ಕೊಂಡವನು ಮಳೆಗೆ ಹೆದರಿ ಮನೆಯಲ್ಲೇ ಉಳಿದರೂ ಅವನು 'ಹಾಜರಿ'. ಹೀಗಾಗಿ ಟಿವಿಯಲ್ಲಿ ಖಾಲಿ ಕೆಂಪು ಕುರ್ಚಿಗಳು ಕಾಣುತ್ತಿದ್ದರೂ ಫಲಕದ ಮೇಲಿನ ಅಂಕಿ ಭರ್ತಿಯ ಹತ್ತಿರವೇ ಇರುತ್ತಿತ್ತು. ಇದಕ್ಕೆ ತೀರಾ ವಿರುದ್ಧವಾದದ್ದೂ ಉಂಟು: 1923ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ, ಇಂಗ್ಲೆಂಡಿನ ಕ್ಲಬ್‌ಗಳ ಎಫ್‌ಎ ಕಪ್ ಫೈನಲ್‌ನ ಅಧಿಕೃತ ಸಂಖ್ಯೆ 1,26,047 ಆದರೂ, ಗೋಡೆ ಹಾರಿ ಬಂದವರನ್ನೂ ಸೇರಿಸಿದರೆ ಎರಡು ಲಕ್ಷ ದಾಟಿತ್ತೆಂಬ ಅಂದಾಜು ಇದೆ. ಒಂದು ಕಡೆ ಬಾರದವರನ್ನು ಎಣಿಸಿದರು, ಇನ್ನೊಂದು ಕಡೆ ಬಂದವರನ್ನು ಎಣಿಸಲಾಗಲಿಲ್ಲ.

ಆದ್ದರಿಂದ ಇಬ್ಬರು ಎದುರಾಳಿಗಳನ್ನು ಹೋಲಿಸುವಾಗ ಇಬ್ಬರದೂ ಒಂದೇ ಜಾತಿಯ ಅಂಕಿಯಾಗಿರಬೇಕು. ಒಬ್ಬರ ಮಾರಾಟದ ಲೆಕ್ಕವನ್ನು ಇನ್ನೊಬ್ಬರ ಗೇಟಿನ ಲೆಕ್ಕದ ಪಕ್ಕದಲ್ಲಿಟ್ಟರೆ, ಜೋಳದ ಚೀಲ ಎಣಿಸಿ ಮೆಕ್ಕೆಜೋಳದ ತೂಕಕ್ಕೆ ಹೋಲಿಸಿದಂತಾಗುತ್ತದೆ.

ಸಾಮರ್ಥ್ಯವೆಂಬುದು ಒಂದೇ ಅಂಕಿಯಲ್ಲ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೆಚ್ಚಿನ ವಾದಗಳು ಎಡವುವುದು ಇಲ್ಲಿಯೇ. ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1997ರ ಜುಲೈ 13ರಂದು ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ನಡುವೆ ನಡೆದ ಫೆಡರೇಷನ್ ಕಪ್ ಸೆಮಿಫೈನಲ್‌ಗೆ 1,31,781 ಜನ ಸೇರಿದ್ದರು. ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದು, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದ ಪಂದ್ಯ ಅದು. 2017ರ 17 ವರ್ಷದೊಳಗಿನವರ ವಿಶ್ವಕಪ್‌ಗಾಗಿ ಆ ಕ್ರೀಡಾಂಗಣವನ್ನು ನವೀಕರಿಸಿ ಮೆಟ್ಟಿಲುಗಳ ಮೇಲೆ ಬಿಡಿ ಕುರ್ಚಿಗಳನ್ನು ಕೂರಿಸಿದ ಮೇಲೆ ಜಾಗ ಬಹಳವೇ ಕುಗ್ಗಿತು. ಇಂದು ಬಂಗಾಳದ ಅರ್ಧ ಜನ ಬಾಗಿಲಿಗೆ ಬಂದು ನಿಂತರೂ ಆ ದಾಖಲೆ ಮುರಿಯುವಂತಿಲ್ಲ. ಹಾಗೆಂದು ಅಲ್ಲಿ ಫುಟ್‌ಬಾಲಿನ ಹುಚ್ಚು ಇಳಿದಿದೆ ಎಂದು ಬರೆಯುವವನು ಕುರ್ಚಿಗಳ ಲೆಕ್ಕವನ್ನು ಜನರ ತಲೆಗೆ ಕಟ್ಟುತ್ತಿದ್ದಾನೆ.

ಅದೇ 2017ರ ವಿಶ್ವಕಪ್‌ಗೆ ಕೊಚ್ಚಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಸುರಕ್ಷತೆಯ ಕಾರಣಕ್ಕೆ 29,000 ಜನರಿಗಷ್ಟೇ ಅವಕಾಶವಿತ್ತು. ಕೊಚ್ಚಿಯದೇ ಕ್ಲಬ್ಬಾದ ಕೇರಳ ಬ್ಲಾಸ್ಟರ್ಸ್ ಲೀಗ್ ಪಂದ್ಯಗಳಲ್ಲಿ ಅಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಕಂಡಿದೆ. ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ಬಿನ ಮೈದಾನ ದೇಶದೊಳಗಿನ ಪಂದ್ಯಗಳಿಗೆ 81,365 ಜನರನ್ನು ಹಿಡಿಸುತ್ತದೆ. ಯುರೋಪಿಯನ್ ಪಂದ್ಯಗಳಲ್ಲಿ ನಿಂತು ನೋಡಲು ಅನುಮತಿಯಿಲ್ಲದಿದ್ದ ವರ್ಷಗಳಲ್ಲಿ ಅದೇ ಮೈದಾನದ ಅಂಕಿ ಸುಮಾರು 66,000ಕ್ಕೆ ಇಳಿಯುತ್ತಿತ್ತು. ಹೀಗಾಗಿ ಮೈದಾನದ ಸಾಮರ್ಥ್ಯವೆಷ್ಟು ಎಂದು ಕೇಳುವ ಬದಲು, ಆ ದಿನ ಆ ಪಂದ್ಯಕ್ಕೆ ಎಷ್ಟು ಜನರಿಗೆ ಅನುಮತಿಯಿತ್ತು ಎಂದು ಕೇಳಬೇಕು.

ಜಾಗ ಹೆಚ್ಚಿದರೆ ಜನರೂ ಹೆಚ್ಚುತ್ತಾರೆ ಎಂಬುದಕ್ಕೂ ಆರ್ಸೆನಲ್ ಉದಾಹರಣೆಯೇ ಸಾಕು. 38,419 ಜನ ಹಿಡಿಸುತ್ತಿದ್ದ ಹೈಬರಿಯನ್ನು ಬಿಟ್ಟು 2006ರಲ್ಲಿ 60,000 ದಾಟಿದ ಎಮಿರೇಟ್ಸ್‌ಗೆ ಹೋದ ಮೇಲೆ, ಅದರ ಹಾಜರಿ ಒಂದೇ ಋತುವಿನಲ್ಲಿ ಎತ್ತರಕ್ಕೆ ಜಿಗಿಯಿತು. ಅಭಿಮಾನಿಗಳು ಬೇಸಿಗೆ ರಜೆಯಲ್ಲಿ ಒಂದೂವರೆ ಪಟ್ಟಾದರೆಂದು ಯಾರೂ ನಂಬಲಾರರು. ಅವರು ಮೊದಲಿನಿಂದಲೂ ಇದ್ದರು, ಹೊರಗೆ ಕಾಯುತ್ತಿದ್ದರು. ಪಕ್ಕದ ಎದುರಾಳಿ ಕ್ಲಬ್ ಟಾಟನ್‌ಹ್ಯಾಮ್ 36,000ದ ಆಸುಪಾಸಿನ ಹಳೆಯ ಮೈದಾನದಲ್ಲಿದ್ದಷ್ಟು ಕಾಲ ಆರ್ಸೆನಲ್‌ನವರು ಅದನ್ನು ಹೀಯಾಳಿಸುತ್ತಿದ್ದರು. 2019ರಲ್ಲಿ ಅದು 62,000 ಮೀರಿದ ಹೊಸ ಕ್ರೀಡಾಂಗಣ ಕಟ್ಟಿಕೊಂಡ ಮೇಲೆ ಹೀಯಾಳಿಕೆಯ ದಿಕ್ಕು ತಿರುಗಿತು.

ಇಷ್ಟು ತಿಳಿದ ಮೇಲೆ ಶೇಕಡಾವಾರು ತೆಗೆಯಬಹುದು. ಬೆಂಗಳೂರಿನ ಕಂಠೀರವದಲ್ಲಿ ಸುಮಾರು 25,000 ಜನರಿಗೆ ಜಾಗವಿದೆ ಎಂದಿಟ್ಟುಕೊಂಡು, ಒಂದು ರಾತ್ರಿ 18,000 ಜನ ಬಂದರೆ ಮೈದಾನ ಶೇಕಡಾ 72ರಷ್ಟು ತುಂಬಿದಂತಾಯಿತು. ಕೊಚ್ಚಿಯಲ್ಲಿ 40,000 ಜನರಿಗೆ ಅನುಮತಿಯಿದ್ದು 24,000 ಜನ ಬಂದರೆ ಅದು ಶೇಕಡಾ 60. ತಲೆ ಎಣಿಸಿದರೆ ಕೊಚ್ಚಿ ಗೆದ್ದಿತು, ತುಂಬಿದ ಪ್ರಮಾಣ ನೋಡಿದರೆ ಬೆಂಗಳೂರು ಗೆದ್ದಿತು. ಮಂಡಕ್ಕಿ ಅಂಗಡಿಯ ಜಗಳದಲ್ಲಿ ಇಬ್ಬರೂ ತಮಗೆ ಬೇಕಾದದ್ದನ್ನೇ ಹಿಡಿದುಕೊಂಡಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೈದಾನ ತುಂಬಿ ಟಿಕೆಟ್ ಸಿಗದೆ ಜನ ಹಿಂದಿರುಗುತ್ತಿದ್ದರೆ ಶೇಕಡಾವಾರು ನಿಷ್ಪ್ರಯೋಜಕ, ಕುರ್ಚಿಗಳು ಖಾಲಿ ಉಳಿಯುತ್ತಿದ್ದರೆ ತಲೆ ಎಣಿಕೆಯೇ ಹೆಚ್ಚು ಪ್ರಾಮಾಣಿಕ.

ಎದುರಾಳಿಯ ಪಂದ್ಯವನ್ನು ಬೇರೆಯಾಗಿಡಿ

ಒಂದು ಕ್ಲಬ್ ತವರಿನಲ್ಲಿ ಆಡಿದ ಹತ್ತು ಪಂದ್ಯಗಳಲ್ಲಿ ಒಂಬತ್ತಕ್ಕೆ ತಲಾ 9,000 ಜನ ಬಂದು, ಬದ್ಧ ಎದುರಾಳಿಯ ವಿರುದ್ಧದ ಒಂದಕ್ಕೆ 24,000 ಬಂದರೆ ಸರಾಸರಿ 10,500 ಆಗುತ್ತದೆ, ಆದರೆ 10,500 ಜನ ಬಂದ ಪಂದ್ಯ ಒಂದೂ ಇರುವುದಿಲ್ಲ. ಆದ್ದರಿಂದ ಎದುರಾಳಿಯ ಪಂದ್ಯವನ್ನು ತೆಗೆದು 9,000 ಎಂದು ಬರೆದು, ಪಕ್ಕದಲ್ಲಿ 24,000ವನ್ನು ಬೇರೆಯಾಗಿ ತೋರಿಸಿ. ಆ 24,000ದಲ್ಲಿ ಎದುರಾಳಿಯ ಕಡೆಯವರೂ ಸೇರಿರುತ್ತಾರೆ. ಕಂಠೀರವದಲ್ಲಿ ಬ್ಲಾಸ್ಟರ್ಸ್ ಆಡಿದಾಗ ಬೆಂಗಳೂರಿನಲ್ಲೇ ನೆಲೆಸಿದ ಮಲಯಾಳಿಗಳು ಹಳದಿ ಅಂಗಿ ತೊಟ್ಟು ಗ್ಯಾಲರಿಯ ಒಂದು ಭಾಗವನ್ನೇ ತುಂಬುವುದನ್ನು ಟಿವಿಯಲ್ಲಿ ನೋಡಿದವರಿಗೆಲ್ಲ ಇದು ಗೊತ್ತು. 2023ರ ಮಾರ್ಚ್ 3ರಂದು ಬೆಂಗಳೂರಿನ ಸುನಿಲ್ ಚೆಟ್ರಿ, ಎದುರಾಳಿಗಳು ಸಜ್ಜಾಗುವ ಮೊದಲೇ ಚಕ್ಕನೆ ಹೊಡೆದ ಫ್ರೀ ಕಿಕ್ ಗೋಲಾಗಿ, ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ಹೊರನಡೆದ ಮೇಲಂತೂ ಈ ಪಂದ್ಯದ ಕಾವು ಇಳಿದೇ ಇಲ್ಲ.

ಟಿಕೆಟ್ ದರವನ್ನು ಅಳೆಯುವ ಬಗೆ

ಇಂಗ್ಲೆಂಡಿನ ಹಲವು ಕ್ಲಬ್‌ಗಳು ಪಂದ್ಯಗಳನ್ನು ದರ್ಜೆಗಳಾಗಿ ವಿಂಗಡಿಸಿ, ಎದುರಾಳಿಯ ಪಂದ್ಯಕ್ಕೆ ಹೆಚ್ಚಿನ ದರ ಇಡುತ್ತವೆ. ಇದಕ್ಕೂ ಮಿತಿ ಉಂಟು. 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ಕ್ಲಬ್ 77 ಪೌಂಡ್‌ನ ಟಿಕೆಟ್ ಘೋಷಿಸಿದಾಗ, ಸಾವಿರಾರು ಅಭಿಮಾನಿಗಳು ಪಂದ್ಯದ 77ನೇ ನಿಮಿಷಕ್ಕೆ ಸರಿಯಾಗಿ ಎದ್ದು ಹೋದರು. ಆಗ 2-0 ಮುಂದಿದ್ದ ತಂಡ ಕೊನೆಗೆ 2-2 ಸಮಕ್ಕೆ ತೃಪ್ತಿಪಡಬೇಕಾಯಿತು, ಕ್ಲಬ್ ಆ ದರವನ್ನು ಹಿಂತೆಗೆದುಕೊಂಡಿತು. ಅದೇ ವರ್ಷದಿಂದ ಪ್ರೀಮಿಯರ್ ಲೀಗ್‌ನಲ್ಲಿ ಪರಸ್ಥಳದಿಂದ ಬರುವ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಗರಿಷ್ಠ ಮಿತಿಯಾಯಿತು.

ದರಪಟ್ಟಿಯನ್ನು ನೋಡಿ ಮೋಸಹೋಗದಿರಲು, ಒಟ್ಟು ವಸೂಲಿಯನ್ನು ಬಂದ ತಲೆಗಳಿಂದ ಭಾಗಿಸಿ. 20 ರೂಪಾಯಿಯ ಟಿಕೆಟ್ 1,200, 50 ರೂಪಾಯಿಯದು 300 ಮಾರಾಟವಾಗಿ, ಉಚಿತ ಪಾಸಿನವರು 500 ಜನ ಬಂದಿದ್ದರೆ, ವಸೂಲಾದ 39,000 ರೂಪಾಯಿಯನ್ನು 2,000 ಜನರಿಗೆ ಹಂಚಿದಾಗ ತಲೆಗೆ 19 ರೂಪಾಯಿ 50 ಪೈಸೆ ಬರುತ್ತದೆ. ಅತಿ ಅಗ್ಗದ ಟಿಕೆಟ್ಟಿಗಿಂತಲೂ ಸರಾಸರಿ ಕಡಿಮೆ! ಪಾಸುಗಳು ಎಷ್ಟು ತಿನ್ನುತ್ತವೆ ಎಂಬುದು ಈ ಒಂದು ಭಾಗಾಕಾರದಿಂದ ಹೊರಬೀಳುತ್ತದೆ. ಎರಡು ಊರುಗಳ ದರವನ್ನು ಹೋಲಿಸುವಾಗ ರೂಪಾಯಿಯನ್ನು ಪೌಂಡಿಗೆ ಬದಲಿಸುವುದಕ್ಕಿಂತ, ಆಯಾ ಊರಿನ ಕೂಲಿಯವನ ಎಷ್ಟು ಹೊತ್ತಿನ ದುಡಿಮೆಗೆ ಆ ಟಿಕೆಟ್ ಸಮ ಎಂದು ನೋಡುವುದು ಮೇಲು. ನಮ್ಮಂಥವರು ಇನ್ನೂ ಒಂದು ಬಾಬ್ತು ಸೇರಿಸಬೇಕು: ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ರಾತ್ರಿ ಪಂದ್ಯ ಮುಗಿಸಿ ಬೆಳಗಿನ ಜಾವಕ್ಕೆ ಹಿಂದಿರುಗುವವನಿಗೆ ಟಿಕೆಟ್ಟೇ ಅತಿ ಸಣ್ಣ ಖರ್ಚು. ಅಂದ ಹಾಗೆ, ನಮ್ಮಲ್ಲಿ 500 ರೂಪಾಯಿವರೆಗಿನ ಕ್ರೀಡಾ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ.

ನಮ್ಮೂರ ಫೈನಲ್‌ಗೆ ಇದೇ ಲೆಕ್ಕ

ಹೈಸ್ಕೂಲ್ ಮೈದಾನದಂಥ ಬಯಲಿನಲ್ಲಿ ಹಗ್ಗ ಕಟ್ಟಿ ಫೈನಲ್ ಆಡಿಸುವವರು, ಹಿಡಿಸಿದಷ್ಟು ಜನ ಎಂಬುದನ್ನೇ ಸಾಮರ್ಥ್ಯವೆಂದು ತಿಳಿದಿರುತ್ತಾರೆ. 1971ರ ಜನವರಿ 2ರಂದು ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ರೇಂಜರ್ಸ್ ಮತ್ತು ಸೆಲ್ಟಿಕ್ ಎಂಬ ಬದ್ಧ ಎದುರಾಳಿಗಳ ಪಂದ್ಯ ಮುಗಿದು ಜನ ಹೊರಡುವಾಗ, ಮೆಟ್ಟಿಲುಗಳ ಮೇಲಿನ ನೂಕುನುಗ್ಗಲಿನಲ್ಲಿ 66 ಮಂದಿ ಸತ್ತರು. ಆ ಬಳಿಕ 1973ರಲ್ಲಿ ಬ್ರಿಟನ್ ಹೊರತಂದ, 'ಗ್ರೀನ್ ಗೈಡ್' ಎಂದು ಕರೆಯಲಾಗುವ ಸುರಕ್ಷತಾ ಕೈಪಿಡಿಯ ಕ್ರಮ ನಮಗೂ ಸಲ್ಲುತ್ತದೆ. ನಿಲ್ಲುವ ಜಾಗ, ಒಳಬರುವ ದಾರಿ, ಹೊರಹೋಗುವ ದಾರಿ ಈ ಮೂರನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ, ಅತಿ ಕಡಿಮೆ ಬಂದದ್ದನ್ನೇ ಸಾಮರ್ಥ್ಯವೆಂದು ಹಿಡಿಯಬೇಕು ಎಂಬುದು ಅದರ ತಿರುಳು.

ಅಳತೆ ಪಟ್ಟಿ ಹಿಡಿದು ಹೊರಡಿ. ಎರಡು ಉದ್ದ ಬದಿಗಳಲ್ಲಿ 100 ಮೀಟರ್ ಉದ್ದ, 4 ಮೀಟರ್ ಅಗಲ ಜಾಗ ಬಿಟ್ಟರೆ ಒಟ್ಟು 800 ಚದರ ಮೀಟರ್ ಆಯಿತು. ಆ ಕೈಪಿಡಿ ಒಪ್ಪುವ ಗರಿಷ್ಠ ದಟ್ಟಣೆಯಾದ ಚದರ ಮೀಟರ್‌ಗೆ 4.7 ಜನರಂತೆ ಇಲ್ಲಿ 3,760 ಮಂದಿ ನಿಲ್ಲಬಹುದು, ಸಮತಟ್ಟು ನೆಲವಾದ್ದರಿಂದ ಹಿಂದಿನವರಿಗೆ ಮುಂದಿನವರ ತಲೆಗಳಷ್ಟೇ ಕಾಣುತ್ತವೆ ಎಂಬುದು ಬೇರೆ ಮಾತು. ಇನ್ನು ಹೊರದಾರಿ: ತಲಾ ಒಂದೂವರೆ ಮೀಟರ್‌ನ ಎರಡು ಗೇಟುಗಳಿದ್ದರೆ, ಸಮನೆಲದಲ್ಲಿ ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನರಂತೆ, ಕೈಪಿಡಿ ಗೊತ್ತುಮಾಡಿದ ಎಂಟು ನಿಮಿಷದಲ್ಲಿ 1,968 ಮಂದಿ ಹೊರಬರಬಹುದು. ಗೇಟಿಗೆ ಅಡ್ಡಲಾಗಿ ಸ್ಕೂಟರ್ ನಿಲ್ಲಿಸಿದ್ದರೆ, ಅಥವಾ ಪುಕ್ಕಟೆ ನುಗ್ಗುವವರನ್ನು ತಡೆಯಲೆಂದು ಒಂದು ಗೇಟಿಗೆ ಬೀಗ ಹಾಕಿದ್ದರೆ ಅದು 984ಕ್ಕೆ ಬಂದು ನಿಲ್ಲುತ್ತದೆ. ಒಳಬರುವ ದಾರಿಯಲ್ಲಿ, ಒಂದು ತಪಾಸಣಾ ದ್ವಾರದಿಂದ ಗಂಟೆಗೆ 660ಕ್ಕಿಂತ ಹೆಚ್ಚು ಜನರನ್ನು ಲೆಕ್ಕಕ್ಕೆ ಹಿಡಿಯಬಾರದು. ಟಿಕೆಟ್ ಹರಿಯುವವರು ಇಬ್ಬರೇ ಇದ್ದು, ಗೇಟು ತೆರೆಯುವುದು ಪಂದ್ಯಕ್ಕೆ ಒಂದು ಗಂಟೆ ಮೊದಲಾದರೆ, ಆ ಮೈದಾನದ ಸಾಮರ್ಥ್ಯ 1,320. ಮೂರನೆಯವನನ್ನು ನಿಲ್ಲಿಸಿದರೆ ಒಳದಾರಿಯ ಅಂಕಿ 1,980ಕ್ಕೆ ಏರುತ್ತದೆ, ಆಗ ಹೊರದಾರಿಯ 1,968 ಮಿತಿಯಾಗುತ್ತದೆ. ಎಷ್ಟೇ ವಿಶಾಲವಾದ ಬಯಲಿದ್ದರೂ ಅದಕ್ಕಿಂತ ಹೆಚ್ಚು ಟಿಕೆಟ್ ಮುದ್ರಿಸಬೇಡಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಪ್ರಾಣ ಬಿಟ್ಟದ್ದನ್ನು ನಾವ್ಯಾರೂ ಮರೆತಿಲ್ಲ.

ದರ ಇಡುವಾಗ ಎರಡಕ್ಕಿಂತ ಹೆಚ್ಚು ಬಗೆಯ ಟಿಕೆಟ್ ಬೇಡ. ಎರಡಕ್ಕೂ ಬೇರೆಬೇರೆ ಬಣ್ಣದ ಕಾಗದವಿರಲಿ, ಪಾಸುಗಳಿಗೂ ಕ್ರಮಸಂಖ್ಯೆ ಇರಲಿ. ಎರಡೂ ತಂಡಗಳ ಬಡಾವಣೆಗಳಿಗೆ ಸಮನಾಗಿ ಟಿಕೆಟ್ ಪುಸ್ತಕ ಹಂಚಿ, ಎದುರುಬದಿರಾಗಿ ನಿಲ್ಲಿಸಿ, ಹೊರಹೋಗುವ ಗೇಟನ್ನೂ ಬೇರೆ ಮಾಡಿ.

ಎಣಿಕೆಗೆ ಯಂತ್ರ ಬೇಕಿಲ್ಲ. ಕೆಲವು ವರ್ಷಗಳ ಹಿಂದೆ ಇಂಥದೊಂದು ಫೈನಲ್‌ನಲ್ಲಿ ನನ್ನನ್ನು ಗೇಟಿನಲ್ಲಿ ನಿಲ್ಲಿಸಿದ್ದರು. ಎಡಜೇಬಿನ ತುಂಬ ಹುಣಸೆಬೀಜ ತುಂಬಿಕೊಂಡು, ಪ್ರತಿ ಇಪ್ಪತ್ತು ಜನ ಒಳಹೋದ ಹಾಗೆ ಒಂದು ಬೀಜವನ್ನು ಬಲಜೇಬಿಗೆ ಹಾಕುತ್ತಿದ್ದೆ. ಆಟ ಮುಗಿಯುವ ಹೊತ್ತಿಗೆ ಬಲಜೇಬಿನಲ್ಲಿ 57 ಬೀಜಗಳಿದ್ದವು, ಅಂದರೆ 1,140 ಜನ. ಅಷ್ಟರಲ್ಲಿ ಮೈಕಿನಿಂದ "ಐದು ಸಾವಿರಕ್ಕೂ ಮೀರಿದ ಕ್ರೀಡಾಭಿಮಾನಿಗಳಿಗೆ" ವಂದನೆ ಸಲ್ಲಿಕೆಯಾಗಿತ್ತು, ಮರುದಿನ ಪತ್ರಿಕೆಗೆ ಹೋದದ್ದೂ ಆ ಐದು ಸಾವಿರವೇ. ಬೀಜದ ಲೆಕ್ಕ ಹೇಳಿದ್ದಕ್ಕೆ ಆಯೋಜಕರು ನನ್ನ ಮೇಲೆ ಮುನಿಸಿಕೊಂಡರು. ಮುಂದಿನ ವರ್ಷ ಐದು ಸಾವಿರವನ್ನೇ ನಂಬಿ ಮೂರು ಸಾವಿರ ಟಿಕೆಟ್ ಅಚ್ಚು ಹಾಕಿಸಿದರು, ಅರ್ಧಕ್ಕೂ ಹೆಚ್ಚು ಕಟ್ಟುಗಳು ಬಿಚ್ಚದೆ ಉಳಿದವು. ಆದ್ದರಿಂದ ಗೇಟಿನ ಎಣಿಕೆ, ಹರಿದ ಅರ್ಧಚೀಟಿಗಳ ಎಣಿಕೆ, ಪೆಟ್ಟಿಗೆಯ ಹಣ ಈ ಮೂರನ್ನೂ ಅಂದೇ ರಾತ್ರಿ, ಮೈಕಿನವನು ವೈರು ಸುತ್ತುವ ಮೊದಲು, ಇಬ್ಬರ ಎದುರಿನಲ್ಲಿ ತಾಳೆ ನೋಡಿ ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಆ ಇಬ್ಬರು ಎದುರಾಳಿ ಬಡಾವಣೆಗಳಿಂದ ಒಬ್ಬೊಬ್ಬರಾಗಿರಲಿ.