ವಾಯಿದೆ ಮೀರಿದ ಬಿಲ್ಲಿಗೆ ಬಡ್ಡಿ ಹಾಕುವ ಕ್ರಮ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಜಾಬ್‌ವರ್ಕ್ (ಬೇರೆಯವರು ಕೊಟ್ಟ ಬಟ್ಟೆಯನ್ನು ಕೂಲಿಗೆ ಹೊಲಿದುಕೊಡುವ ಕೆಲಸ) ಮಾಡುವ ಸಣ್ಣ ಘಟಕಗಳ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಟೇಲರ್‌ಗಳ ಕೂಲಿಯನ್ನು ವಾರವಾರ ಬಟವಾಡೆ ಮಾಡಬೇಕು. ಕೆಲಸ ಕೊಟ್ಟ ಪಾರ್ಟಿಯಿಂದ ಹಣ ಬರುವುದು ಎರಡು ಮೂರು ತಿಂಗಳ ಮೇಲೆ. ನಡುವಿನ ಕೊರತೆಯನ್ನು ಮಾಲೀಕರು ಬಡ್ಡಿಗೆ ಸಾಲ ತಂದು ತುಂಬುತ್ತಾರೆ. ಆ ಬಡ್ಡಿಯ ಹೊರೆಯನ್ನು ತಡಮಾಡಿದವರೇ ಹೊರಲಿ ಎಂದು ಕೇಳುವುದು ನ್ಯಾಯ, ಆದರೆ ಕೇಳುವ ಹಕ್ಕನ್ನು ಕೆಲಸ ಒಪ್ಪಿಕೊಳ್ಳುವ ದಿನವೇ ಕಾಗದದ ಮೇಲೆ ಕಟ್ಟಿಕೊಳ್ಳಬೇಕು.

ಕತ್ತರಿಸಿದ ಬಟ್ಟೆ ಘಟಕಕ್ಕೆ ಬಂದಿಳಿಯುವ ಮೊದಲೇ ವರ್ಕ್ ಆರ್ಡರಿನಲ್ಲಿ ಹೀಗೆ ಬರೆಯಿಸಿ: ‘ಬಿಲ್ ದಿನಾಂಕದಿಂದ 30 ದಿನಗಳೊಳಗೆ ಹಣ ಪಾವತಿಸತಕ್ಕದ್ದು, ತಪ್ಪಿದಲ್ಲಿ ಬಾಕಿ ಮೊತ್ತಕ್ಕೆ ವಾರ್ಷಿಕ ಶೇ. 18ರಂತೆ, ತಡವಾದ ದಿನಗಳ ಬಡ್ಡಿಯನ್ನು ಸೇರಿಸಿ ಕೊಡತಕ್ಕದ್ದು.’ ಇದಕ್ಕೆ ಪಾರ್ಟಿಯ ಸಹಿ ಪಡೆಯಿರಿ. ಸಹಿ ಸಿಗದಿದ್ದರೆ ವಾಟ್ಸಾಪಿನಲ್ಲಿ ಕಳುಹಿಸಿ ‘ಒಪ್ಪಿಗೆ’ ಎಂಬ ಉತ್ತರವನ್ನಾದರೂ ಪಡೆದು ಉಳಿಸಿಕೊಳ್ಳಿ. ಮಾಲು ಹೋದ ಮೇಲೆ ಬಿಲ್ಲಿನ ಅಡಿಯಲ್ಲಿ ಮಾತ್ರ ಅಚ್ಚಾದ ಷರತ್ತನ್ನು ಪಾರ್ಟಿ ‘ನಾನು ಒಪ್ಪಿರಲಿಲ್ಲ’ ಎಂದು ಸುಲಭವಾಗಿ ತಳ್ಳಿಹಾಕಬಹುದು. ಐದು ಸಾವಿರ, ಹತ್ತು ಸಾವಿರ ಎಂಬ ಇಡಿಗಂಟಿನ ದಂಡಕ್ಕಿಂತ ಬಡ್ಡಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ನ್ಯಾಯಾಲಯವು ಬರೆದ ದಂಡವನ್ನು ಹಾಗೆಯೇ ಕೊಡಿಸದೆ, ಆ ಮೊತ್ತವನ್ನು ಮೀರದ ಸಮಂಜಸ ಪರಿಹಾರವನ್ನಷ್ಟೇ ಕೊಡಿಸುತ್ತದೆ.

ಲೆಕ್ಕ ಕಷ್ಟವಿಲ್ಲ. ಒಂದು ಲಕ್ಷ ರೂಪಾಯಿಯ ಬಿಲ್ ವಾಯಿದೆ ಮೀರಿ 30 ದಿನ ತಡವಾದರೆ, 1,00,000ವನ್ನು 18ರಿಂದ ಗುಣಿಸಿ 100ರಿಂದ ಭಾಗಿಸಿ, ಬಂದುದನ್ನು 30ರಿಂದ ಗುಣಿಸಿ 365ರಿಂದ ಭಾಗಿಸಿದಾಗ 1,479 ರೂಪಾಯಿ ಬರುತ್ತದೆ.

ಷರತ್ತು ಬರೆಯಿಸಿಕೊಳ್ಳಲು ಮರೆತವರಿಗೂ ದಾರಿಯಿದೆ, ಮತ್ತು ನಮ್ಮ ಭಾಗದ ಬಹಳಷ್ಟು ಘಟಕಗಳಿಗೆ ಇದು ತಿಳಿದಿಲ್ಲವೆಂಬುದೇ ನನ್ನ ಚಿಂತೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಮಾಲು ಇಲ್ಲವೇ ಸೇವೆ ಪಡೆದವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳು ತಿಂಗಳಿಗೆ ಅಸಲಿಗೆ ಸೇರುವ ಚಕ್ರಬಡ್ಡಿಯಾಗಿ ತೆರಬೇಕು. ಬ್ಯಾಂಕ್ ದರ ಶೇ. 6 ಇದೆ ಎಂದಿಟ್ಟುಕೊಂಡರೆ, ಒಂದು ಲಕ್ಷಕ್ಕೆ ಮೂರು ತಿಂಗಳಲ್ಲಿ ಸುಮಾರು 4,568 ರೂಪಾಯಿ ಆಗುತ್ತದೆ. ಈ ಹಕ್ಕನ್ನು ಗಟ್ಟಿಯಾಗಿ ಚಲಾಯಿಸಲು ಕೆಲಸ ಹಿಡಿಯುವ ಮೊದಲೇ ಉದ್ಯಮ್ ನೋಂದಣಿ (ಇಂಥ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿ, ಅದರ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿ; ನೋಂದಣಿಗೆ ಶುಲ್ಕವಿಲ್ಲ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಮಾತ್ರ ಈ ಸೌಲಭ್ಯ ದೊರೆಯುವುದಿಲ್ಲ.

ಬಡ್ಡಿ ಕೈಸೇರಿದಾಗ ಜಿಎಸ್‌ಟಿಯನ್ನು ಮರೆಯಬೇಡಿ. ತಡಪಾವತಿಯ ಬಡ್ಡಿಯು ಮೂಲ ಕೆಲಸದ ಮೌಲ್ಯಕ್ಕೇ ಸೇರುವುದರಿಂದ, ಆ ಕೆಲಸಕ್ಕೆ ಅನ್ವಯಿಸುವ ದರದಲ್ಲೇ ತೆರಿಗೆ ಬೀಳುತ್ತದೆ. ಅದನ್ನು ಕಟ್ಟುವ ಹೊಣೆ ಬಡ್ಡಿ ನಿಜವಾಗಿ ಬಂದ ದಿನ ಹುಟ್ಟುತ್ತದೆ. ಇದಕ್ಕೆ ಡೆಬಿಟ್ ನೋಟ್ (ಮೂಲ ಬಿಲ್ಲಿನ ಮೇಲೆ ಬರಬೇಕಾದ ಹೆಚ್ಚುವರಿ ಮೊತ್ತದ ಚೀಟಿ) ಬರೆದು, ಮೂಲ ಬಿಲ್ಲಿನ ಸಂಖ್ಯೆ, ತಡವಾದ ದಿನಗಳು ಮತ್ತು ದರವನ್ನು ಅದರಲ್ಲಿ ಕಾಣಿಸಿ.

ಕೇಳುವ ರೀತಿಯೂ ಮುಖ್ಯ. ವಾಯಿದೆಗೆ ಐದು ದಿನ ಮೊದಲು ಸೌಜನ್ಯದಿಂದ ಫೋನ್ ಮಾಡಿ. ವಾಯಿದೆ ಮೀರಿದ ವಾರದೊಳಗೆ ಬಡ್ಡಿಯ ಲೆಕ್ಕವನ್ನು ಬರಹದಲ್ಲಿ ಕಳುಹಿಸಿ. ನಾನು ಲೆಕ್ಕ ನೋಡುವ ಒಂದು ಘಟಕದವರು ಹಳೆಯ ಪಾರ್ಟಿಯೊಂದಕ್ಕೆ ‘ಈ ಸಲ ಇರಲಿ ಬಿಡಿ’ ಎಂದು ಬಾಯಿಮಾತಿನಲ್ಲಿ ಬಡ್ಡಿ ಬಿಟ್ಟರು. ಮುಂದಿನ ಪ್ರತಿ ಬಿಲ್ಲಿಗೂ ಆ ಪಾರ್ಟಿ ಅದನ್ನೇ ರೂಢಿಯೆಂದು ವಾದಿಸಿತು. ಬಿಡುವುದಾದರೆ ‘ಈ ಬಿಲ್ಲಿಗೆ ಮಾತ್ರ’ ಎಂದು ಬರೆದು ಬಿಡಿ.

ಆದರೂ ಹಣ ಬಾರದಿದ್ದರೆ ಕೇಂದ್ರದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಚಿವಾಲಯದ ಪೋರ್ಟಲಿನ ಮೂಲಕ, ಇಂಥ ತಡಪಾವತಿಯ ವ್ಯಾಜ್ಯಗಳನ್ನು ನೋಡುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಕೌನ್ಸಿಲ್‌ನ ತೀರ್ಪನ್ನು ಪಾರ್ಟಿ ಪ್ರಶ್ನಿಸಬೇಕಾದರೆ ಮೊದಲು ಶೇ. 75ರಷ್ಟು ಮೊತ್ತವನ್ನು ಠೇವಣಿಯಿಡಬೇಕು. ಸಿವಿಲ್ ದಾವೆಗಾದರೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ. ಆ ಅವಧಿಯೊಳಗೆ ಪಾರ್ಟಿ ಸಾಲವನ್ನು ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಹೊಸ ಎಣಿಕೆ ಆರಂಭವಾಗುತ್ತದೆ. ಆದ್ದರಿಂದ ಪ್ರತಿ ಮಾರ್ಚ್ 31ಕ್ಕೆ ಬಾಕಿಯ ಪಟ್ಟಿಯನ್ನು ಪಾರ್ಟಿಗೆ ಕಳುಹಿಸಿ, ಅಸಲು ಮತ್ತು ಬಡ್ಡಿಯನ್ನು ಬೇರೆ ಬೇರೆಯಾಗಿ ತೋರಿಸಿ, ಸಹಿ ಮಾಡಿಸಿಕೊಂಡು ಫೈಲಿನಲ್ಲಿಡಿ.